ಮೇಜು ಎಲ್ಲಿದೆ ಅಂತ ಮೇಜನ್ನೇ ಕೇಳ್ರಿ: ಮನೆಯ ಮಿಲ್ಲಿಂಗ್ ಮಷೀನಿಗೆ ಡಿಜಿಟಲ್ ಸ್ಕೇಲ್

ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಉಪಶೀರ್ಷಿಕೆ ಕೊಟ್ಟಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳ್ತಿರೋ ಗೆಳೆಯರೇ, ಇವತ್ತಿನ ಮಾತು ಒಂದು ಸಣ್ಣ ಪರದೆಯ ಬಗ್ಗೆ. ನಿಮ್ಮ ಕೈಯಲ್ಲಿರೋ ಫೋನಿನ ಪರದೆ ಅಲ್ಲ. ಮಿಲ್ಲಿಂಗ್ ಮಷೀನಿನ ಮೇಲೆ ಕೂರೋ, ಬರೀ ಅಂಕಿ ತೋರಿಸೋ ಪರದೆ. ವರ್ಕ್‌ಶಾಪಿನವರು ಅದನ್ನ ಡಿಆರ್‌ಓ ಅಂತಾರೆ. ಡಿಜಿಟಲ್ ರೀಡ್‌ಔಟ್ ಅನ್ನೋದರ ಚಿಕ್ಕ ರೂಪ ಅದು.

ಐಟಿಐ ಮಾಡಿದವರಿಗೆ, ಮನೆ ಹಿಂದೆ ಶೆಡ್ ಹಾಕಿ ಏನಾದ್ರೂ ಮಾಡಬೇಕು ಅಂದುಕೊಂಡವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರ್ತದೆ. ಉಳಿದವರೂ ಕೇಳ್ರಿ. ಕೊನೆಗೆ ಇದು ಎಣಿಕೆ ತಪ್ಪೋದರ ಕಥೆ, ಮತ್ತು ನಾವೆಲ್ಲ ಎಲ್ಲೋ ಒಂದು ಕಡೆ ಎಣಿಕೆ ತಪ್ಪಿದವರೇ.

ಆರನೇ ತೂತು

ನಮ್ಮದು ಶಹಾಬಾದ್. ಮನೆ ಹಿಂದೆ ತಗಡಿನ ಶೆಡ್ಡು, ಅದರೊಳಗೆ ಒಂದು ಹಳೇ ಮಿಲ್ಲಿಂಗ್ ಮಷೀನ್. ಕೆಲವು ವರ್ಷದ ಹಿಂದೆ ಕಲ್ಲು ಪಾಲಿಶ್ ಮಾಡೋ ಯಂತ್ರಕ್ಕೆ ಒಂದು ಪ್ಲೇಟ್ ಮಾಡಿಕೊಡೋ ಕೆಲಸ ಬಂತು. ದಪ್ಪ ಉಕ್ಕಿನ ಪ್ಲೇಟು, ಆರು ತೂತು. ಮೇಲ್ಮೈ ಹದ ಮಾಡಿ, ಅಂಚು ತೆಗೆದು, ಐದು ತೂತು ಹೊಡೆದು ಮುಗಿಸೋಕೆ ಎರಡು ದಿನ ಹಿಡಿದಿತ್ತು. ಆರನೇದಕ್ಕೆ ಹ್ಯಾಂಡಲ್ ತಿರುಗಿಸ್ತಾ ಇದ್ದೆ. ಏಳು, ಎಂಟು, ಒಂಬತ್ತು... ಅಷ್ಟರಲ್ಲಿ ಫೋನ್ ಬಂತು. ಎಡಗೈಯಲ್ಲಿ ಫೋನ್ ಹಿಡಿದು ಮಾತಾಡ್ತಾ ಬಲಗೈ ಸುಮ್ಮನಿರಲಿಲ್ಲ ಅಂತ ಕಾಣ್ತದೆ. ಫೋನ್ ಇಟ್ಟ ಮೇಲೆ ಯೋಚನೆ: ಒಂಬತ್ತಾಯ್ತಾ, ಹತ್ತಾಯ್ತಾ? ಒಂಬತ್ತೇ ಇರಬೇಕು ಅಂದುಕೊಂಡು ಲೆಕ್ಕ ಮುಂದುವರಿಸಿದೆ. ತೂತು ಹೊಡೆದೆ. ಅಳೆದು ನೋಡಿದರೆ ಸರಿಯಾಗಿ 5 ಮಿಲಿಮೀಟರ್ ಆಚೆ ಬಿದ್ದಿತ್ತು.

ಐದು ತೂತು ಸರಿ ಇದ್ರೂ ಆರನೇದು ತಪ್ಪಿದರೆ ಆ ಪ್ಲೇಟು ಗುಜರಿ. ಕಬ್ಬಿಣದ ದುಡ್ಡು ಹೋಯ್ತು, ಎರಡು ದಿನದ ಕೂಲಿ ಹೋಯ್ತು, ಮತ್ತೆ ಮಾಡೋಕೆ ಇನ್ನೆರಡು ದಿನ. ಅಷ್ಟು ದಿನ ಆ ಪಾಲಿಶ್ ಮಷೀನ್ ನಿಂತೇ ಇತ್ತು. ಅದರ ಮೇಲೆ ಕೆಲಸ ಮಾಡೋ ನಾಲ್ಕು ಜನ ಮನೆಯಲ್ಲಿ ಕೂತಿದ್ರು.

ಶೆಡ್ಡಿನ ಬಾಗಿಲಲ್ಲಿ ನಮ್ಮ ಕಾಕಾ ಕುರ್ಚಿ ಹಾಕ್ಕೊಂಡು ಕೂತಿದ್ದ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಮಿಲ್ಲಿಂಗ್ ಮಾಡಿ ನಿವೃತ್ತಿ ಆದವನು. ನನಗೆ ಈ ಕೆಲಸ ಕಲಿಸಿದವನೂ ಅವನೇ. ಆದ್ರೆ ಕಣ್ಣು ಮಂಜಾಗಿ ಹ್ಯಾಂಡಲ್ ಮೇಲಿನ ಸಣ್ಣ ಗೆರೆ ಕಾಣದೆ ಮಷೀನ್ ಬಿಟ್ಟಿದ್ದ. ಪ್ಲೇಟ್ ತಿರುಗಿಸಿ ನೋಡಿ ಬೈಲಿಲ್ಲ. ಹೇಳಿದ್ದು ಇಷ್ಟೇ: "ನನಗ ಗೆರಿ ಕಾಣವಲ್ದು, ನಿನಗ ಎಣಿಕಿ ತಪ್ಪತದ. ಛಲೋ ಜೋಡಿ ಆಗೀವಿ ನೋಡು."

ಡಿಆರ್‌ಓ ಹಾಕಿಸಬೇಕು ಅಂತ ನಾನು ತೀರ್ಮಾನ ಮಾಡಿದ್ದು ಅವತ್ತು ರಾತ್ರಿ.

ಹ್ಯಾಂಡಲ್ ಯಾಕೆ ಸುಳ್ಳು ಹೇಳ್ತದೆ?

ಮಷೀನ್ ನೋಡದವರಿಗಾಗಿ ಎರಡು ಮಾತು. ಡ್ರಿಲ್ಲಿಂಗ್ ಮಷೀನಿನಲ್ಲಿ ತಿರುಗೋ ಬಿಟ್ ಮೇಲಿಂದ ಕೆಳಗೆ ಇಳಿಯುತ್ತದೆ, ಅಷ್ಟೇ. ಮಿಲ್ಲಿಂಗ್ ಮಷೀನಿನಲ್ಲಿ ಕಟರ್ ತಿರುಗ್ತಿರುವಾಗ ಕೆಳಗಿನ ಮೇಜು ಎಡ–ಬಲ, ಹಿಂದೆ–ಮುಂದೆ ಸರಿಯುತ್ತದೆ. ಎಡ–ಬಲಕ್ಕೆ ಎಕ್ಸ್ ಅಂತೀವಿ, ಹಿಂದೆ–ಮುಂದೆಗೆ ವೈ, ಮೇಲೆ–ಕೆಳಗೆ ಝಡ್. ಮೇಜಿನ ಕೆಳಗೆ ಉದ್ದನೆಯ ಸ್ಕ್ರೂ ಇರ್ತದೆ. ಹ್ಯಾಂಡಲ್ ತಿರುಗಿಸಿದರೆ ಸ್ಕ್ರೂ ತಿರುಗಿ ಮೇಜನ್ನ ಎಳೀತದೆ.

ನಮ್ಮ ಮಷೀನಿನಲ್ಲಿ ಒಂದು ಸುತ್ತಿಗೆ ಮೇಜು 5 ಮಿಲಿಮೀಟರ್ ಸರೀತದೆ. ಹ್ಯಾಂಡಲ್ ಮೇಲಿನ ಉಂಗುರದಲ್ಲಿ 100 ಗೆರೆ. ಅಂದ್ರೆ ಒಂದು ಗೆರೆಗೆ 0.05 ಮಿಲಿಮೀಟರ್. ಈಗ 62.35 ಮಿಲಿಮೀಟರ್ ಸರಿಸಬೇಕು ಅಂದ್ಕೊಳ್ರಿ. ಹನ್ನೆರಡು ಸುತ್ತಿಗೆ 60 ಆಯ್ತು. ಉಳಿದ 2.35ಕ್ಕೆ 47 ಗೆರೆ. ಹನ್ನೆರಡು ಸುತ್ತು ಎಣಿಸಬೇಕು, 47ನೇ ಗೆರೆ ಹುಡುಕಬೇಕು. ಇದು ಒಂದು ತೂತಿಗೆ. ಆರು ತೂತು ಅಂದ್ರೆ ಇದೇ ಲೆಕ್ಕ ಆರು ಸಲ, ಎರಡೂ ದಿಕ್ಕಿಗೆ.

ಎಣಿಕೆ ಸರಿ ಇದ್ರೂ ಇನ್ನೊಂದು ಕಾಟ ಇದೆ. ಹಳೇ ಸೈಕಲ್ಲಿನ ಪೆಡಲ್ ನೆನಪಿಸಿಕೊಳ್ರಿ. ಚೈನ್ ಸಡಿಲಾದ್ರೆ ಪೆಡಲ್ ಸ್ವಲ್ಪ ತಿರುಗಿದ ಮೇಲೇನೇ ಗಾಲಿ ಹಿಡಿಯೋದು, ಹೌದಿಲ್ಲೋ? ಹಂಗೇ ಸ್ಕ್ರೂ ಮತ್ತು ನಟ್ ಸವೆದು ನಡುವೆ ಸಂದು ಬಿಡ್ತದೆ. ಇದಕ್ಕೆ ಬ್ಯಾಕ್‌ಲ್ಯಾಶ್ ಅಂತಾರೆ. ಬಲಕ್ಕೆ ಹೋಗ್ತಿದ್ದ ಮೇಜನ್ನ ಎಡಕ್ಕೆ ತಿರುಗಿಸಿದ್ರೆ ಮೊದಲ ಕೆಲವು ಗೆರೆ ಹ್ಯಾಂಡಲ್ ಮಾತ್ರ ತಿರುಗುತ್ತದೆ, ಮೇಜು ಇದ್ದಲ್ಲೇ ಇರ್ತದೆ. ನಮ್ಮ ಮಷೀನಿನಲ್ಲಿ ಈ ಸಂದು ಸುಮಾರು ಕಾಲು ಮಿಲಿಮೀಟರ್ ಇತ್ತು. ಬೇರಿಂಗ್ ಕೂರಿಸೋ ಜಾಗದಲ್ಲಿ ಕಾಲು ಮಿಲಿಮೀಟರ್ ಅಂದ್ರೆ ಬಾವಿ ಇದ್ದಂಗೆ.

ಕಾಕಾನ ಕಾಲದವರು ಇದಕ್ಕೆ ಉಪಾಯ ಕಂಡುಕೊಂಡಿದ್ರು. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲೋದು. ದಾಟಿ ಹೋದ್ರೆ ಒಂದು ಸುತ್ತು ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿನಿಂದ ಬರೋದು. ಈಗಲೂ ಕಲೀಬೇಕಾದ ಅಭ್ಯಾಸ ಅದು. ಆದ್ರೆ ದಿನಪೂರ್ತಿ ಹಂಗೆ ಮಾಡ್ತಾ ಎಣಿಕೆ ಇಡೋದು ದಣಿದ ತಲೆಗೆ ಕಷ್ಟ.

ಡಿಜಿಟಲ್ ಸ್ಕೇಲ್ ಏನು ಮಾಡ್ತದೆ?

ಹ್ಯಾಂಡಲ್ ಗೆರೆ ನೋಡೋದು ಅಂದ್ರೆ "ಮೇಜು ಎಲ್ಲಿದೆ" ಅಂತ ಸ್ಕ್ರೂವನ್ನ ಕೇಳಿದ ಹಾಗೆ. ಸ್ಕ್ರೂ ಸವೆದಿದ್ರೆ ಉತ್ತರ ತಪ್ಪು. ಡಿಆರ್‌ಓ ಸ್ಕ್ರೂವನ್ನ ಕೇಳೋದೇ ಇಲ್ಲ. ನೇರ ಮೇಜನ್ನೇ ಕೇಳ್ತದೆ.

ಹೇಗೆ ಅಂದ್ರೆ, ಮೇಜಿನ ಬದಿಗೆ ಉದ್ದನೆಯ ಒಂದು ಪಟ್ಟಿ ಕೂರಿಸ್ತಾರೆ. ಅದೇ ಸ್ಕೇಲ್. ಮಷೀನಿನ ಅಲುಗಾಡದ ಭಾಗಕ್ಕೆ ಓದೋ ತಲೆ ಕೂರಿಸ್ತಾರೆ. ಅದು ರೀಡರ್ ಹೆಡ್. ಮೇಜು ಸರಿದಾಗ ಪಟ್ಟಿ ಸರೀತದೆ, ತಲೆ ಗೆರೆ ಎಣಿಸ್ತದೆ, ಅಂಕಿ ಪರದೆಗೆ ಹೋಗ್ತದೆ. ಫೋನ್ ಬಂದ್ರೂ ಅದರ ಎಣಿಕೆ ತಪ್ಪಲ್ಲ.

ಮೂರು ಥರದವು ಸಿಗ್ತವೆ. ಮೊದಲನೆಯದು ಗಾಜಿನ ಸ್ಕೇಲ್. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಇರ್ತವೆ, ಸಾಮಾನ್ಯವಾಗಿ 20 ಮೈಕ್ರಾನ್ ಅಂತರದಲ್ಲಿ. ಬೆಳಕು ಆ ಗೆರೆಗಳ ಮೂಲಕ ಹಾದು ಹೋಗ್ತದೆ, ಸೆನ್ಸರ್ ಎಣಿಸ್ತದೆ. ಆ ಅಂತರವನ್ನೂ ನಾಲ್ಕು ಪಾಲು ಮಾಡಿ 5 ಮೈಕ್ರಾನ್ ತನಕ ತೋರಿಸ್ತದೆ. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಎರಡನೆಯದು ಮ್ಯಾಗ್ನೆಟಿಕ್ ಸ್ಕೇಲ್, ಅಂದ್ರೆ ಉತ್ತರ–ದಕ್ಷಿಣ ಧ್ರುವ ಸಾಲಾಗಿ ಇರೋ ಪಟ್ಟಿ. ಮೂರನೆಯದು ಕೆಪಾಸಿಟಿವ್. ನಿಮ್ಮ ಡಿಜಿಟಲ್ ಕ್ಯಾಲಿಪರ್ ಒಳಗೆ ಇರೋದೇ ಅದು. ಅಗ್ಗ, ಬ್ಯಾಟರಿ ಮೇಲೆ ನಡೀತದೆ, ಆದ್ರೆ ನೀರು, ಕೂಲಂಟ್ ತಾಗಿದರೆ ಅಂಕಿ ಕುಣಿಯೋಕೆ ಶುರು ಮಾಡ್ತದೆ.

ನಮ್ಮ ಸೀಮೆಗೆ ಇದು ಯಾಕೆ?

"ಇದೆಲ್ಲ ಪುಣೆ, ಬೆಂಗಳೂರಿನವರಿಗೆ" ಅಂತ ಯಾರಾದ್ರೂ ಅಂದ್ರೆ ಒಪ್ಪಬ್ಯಾಡ್ರಿ. ನಮ್ಮ ಸುತ್ತ ಏನಿದೆ ನೋಡ್ರಿ. ಶಹಾಬಾದ್ ಕಲ್ಲು ದೇಶದ ಎಷ್ಟೋ ಮನೆಗಳ ನೆಲದಲ್ಲಿದೆ. ಶಹಾಬಾದ್, ಚಿತ್ತಾಪುರ ಕಡೆ ಗಣಿ, ಕಟಿಂಗ್, ಪಾಲಿಶಿಂಗ್ ಯಂತ್ರ. ವಾಡಿಯಲ್ಲಿ, ಸೇಡಂನಲ್ಲಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ. ಶಹಾಬಾದ್‌ನಲ್ಲೇ ಸಿಮೆಂಟ್ ಯಂತ್ರ, ಬಾಯ್ಲರ್ ಮಾಡ್ತಿದ್ದ ದೊಡ್ಡ ಕಾರ್ಖಾನೆ ಇತ್ತು. ಹಿರಿಯರು ಈಗಲೂ ಎವಿಬಿ ಅಂತಲೇ ಕರೀತಾರೆ, ಎಸಿಸಿ–ವಿಕರ್ಸ್–ಬ್ಯಾಬ್ಕಾಕ್ ಅನ್ನೋದರ ಚಿಕ್ಕ ಹೆಸರು. ಚಿಂಚೋಳಿ, ಸೇಡಂ ಕಡೆ ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆ ತೊಗರಿ ಬೇಳೆ ಆಗಬೇಕಾದ್ರೆ ದಾಲ್ ಮಿಲ್ ತಿರುಗಬೇಕು.

ಇಷ್ಟು ಯಂತ್ರ ಇರೋ ಕಡೆ ದಿನಾ ಏನೋ ಒಂದು ಸವೀತದೆ, ಮುರೀತದೆ. ಬೇರಿಂಗ್ ಮನೆ, ಕಪ್ಲಿಂಗ್, ಮೋಟರ್ ಕೂರಿಸೋ ಪ್ಲೇಟು, ಕೀ ಕೂರಿಸೋ ಗಾಡಿ. ಸೀಸನ್ನಿನಲ್ಲಿ ಮಿಲ್ ಒಂದು ದಿನ ನಿಂತ್ರೆ ಮಾಲೀಕನಿಗೂ ನಷ್ಟ, ಕೂಲಿಯವನಿಗೂ ನಷ್ಟ. ಆ ಭಾಗ ತರೋಕೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗೋ ಬದಲು ಊರಲ್ಲೇ ಸರಿಯಾಗಿ ಮಾಡಿಕೊಡೋರು ಇದ್ರೆ? "ಸರಿಯಾಗಿ" ಅನ್ನೋ ಮಾತೇ ಇಲ್ಲಿ ಮುಖ್ಯ. ಅಂದಾಜಿನ ಕೆಲಸ ಮಾಡೋರು ಎಲ್ಲ ಕಡೆ ಇದ್ದಾರೆ. ಅಳತೆ ಹಿಡಿದು ಕೊಡೋರಿಗೆ ಗಿರಾಕಿ ತಾನಾಗೇ ಬರ್ತಾನೆ.

ಕೂರಿಸೋವಾಗ ನಾನು ಮಾಡಿದ ತಪ್ಪು

ಈಗ ಕೆಲಸದ ಮಾತು. ಸ್ಕೇಲ್ ಕೂರಿಸೋವಾಗ ಇಷ್ಟು ನೆನಪಿಟ್ಕೊಳ್ರಿ.

ಮೊದಲು ಉದ್ದ. ಮೇಜು ಎಷ್ಟು ದೂರ ಓಡ್ತದೋ ಅದಕ್ಕಿಂತ ಸ್ವಲ್ಪ ಹೆಚ್ಚು ಓದೋ ಸ್ಕೇಲ್ ಬೇಕು. ಕಡಿಮೆ ಆದ್ರೆ ಒಂದು ದಿನ ಮೇಜು ಕೊನೆ ಮುಟ್ಟಿದಾಗ ತಲೆ ಹೋಗಿ ತುದಿಗೆ ಗುದ್ದುತ್ತದೆ, ಗಾಜು ಒಡೀತದೆ.

ಎರಡನೆಯದು, ಸ್ಕೇಲ್ ಮೇಜಿನ ಓಟಕ್ಕೆ ಸಮಾನಾಂತರವಾಗಿ ಇರಬೇಕು. ಕಣ್ಣಳತೆ ಸಾಲದು. ಡಯಲ್ ಗೇಜ್ ಇಟ್ಟು ಮೇಜನ್ನ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡ್ರಿ. ಪೂರ್ತಿ ಉದ್ದಕ್ಕೆ ಮುಳ್ಳು 0.1 ಮಿಲಿಮೀಟರ್ ಒಳಗೆ ಇದ್ರೆ ಒಳ್ಳೇದು. ಮೇಲೆ–ಕೆಳಗೂ ನೋಡಬೇಕು, ಒಳಗೆ–ಹೊರಗೂ ನೋಡಬೇಕು. ಹಳೇ ಮಷೀನಿನ ಮೈ ಒರಟಾಗಿರ್ತದೆ, ಅದಕ್ಕೆ ತೆಳು ತಗಡು ಕೊಟ್ಟು ಸರಿ ಮಾಡ್ಕೋಬೇಕು. ಅವಸರದವರು ಎಡವೋದು ಇಲ್ಲೇ.

ಮೂರನೆಯದು ವೈರ್. ತಲೆಯಿಂದ ಬರೋ ಕೇಬಲ್ ಮೇಜು ಪೂರ್ತಿ ಓಡಿದರೂ ಎಳೆಯಬಾರದು, ಮೋಟರ್ ವೈರಿನ ಜೊತೆ ಸುತ್ತಿಕೊಂಡಿರಬಾರದು. ಅರ್ಥಿಂಗ್ ಸರಿ ಇರಬೇಕು. ಇಲ್ಲಾಂದ್ರೆ ಮೋಟರ್ ಶುರುವಾದ ಕೂಡಲೇ ಅಂಕಿ ಜಿಗೀತದೆ.

ನಾಲ್ಕನೆಯದು ದೂಳು. ನನ್ನ ತಪ್ಪು ಇದೇ. ಗಾಜಿನ ಸ್ಕೇಲಿನ ಕೊಳವೆಯಲ್ಲಿ ಒಂದು ಕಡೆ ಉದ್ದಕ್ಕೆ ಸೀಳು ಇರ್ತದೆ, ಅದಕ್ಕೆ ರಬ್ಬರಿನ ತುಟಿ. ಆ ತುಟಿ ಕೆಳಗೆ ಮುಖ ಮಾಡಿರಬೇಕು, ಇಲ್ಲವೇ ಕಟರ್ ಇರೋ ದಿಕ್ಕಿಗೆ ಬೆನ್ನು ಮಾಡಿರಬೇಕು. ಕೂರಿಸೋಕೆ ಸಲೀಸು ಅಂತ ನಾನು ಮೇಲಕ್ಕೆ ಇಟ್ಟೆ. ಅದರ ಮೇಲೆ ಕವರ್ ಕೂಡ ಹಾಕಲಿಲ್ಲ. ನಮ್ಮೂರ ಗಾಳಿಯಲ್ಲಿ ಏನು ತೇಲ್ತದೆ ಅಂತ ನಿಮಗೆ ಗೊತ್ತೇ ಇದೆ. ಕಲ್ಲಿನ ಪುಡಿ, ಸಿಮೆಂಟಿನ ಪುಡಿ. ಇದರ ಫಲ ಏನಾಯ್ತು ಅಂತ ಮುಂದೆ ಹೇಳ್ತೀನಿ. ದೂಳು ಜಾಸ್ತಿ ಇರೋ ಶೆಡ್ಡಿಗೆ ಮ್ಯಾಗ್ನೆಟಿಕ್ ಸ್ಕೇಲ್ ಹೆಚ್ಚು ತಾಳ್ತದೆ. ಆದ್ರೆ ಅದಕ್ಕೆ ಕಬ್ಬಿಣದ ಪುಡಿ ಅಂಟ್ತದೆ, ದಿನಾ ಒರೆಸಬೇಕು.

ಬಟನ್ ಒತ್ತೋ ಮೊದಲು

ಕೂರಿಸಿ ಆಯ್ತು. ಈಗ ಬಳಸೋದು. ಎಲ್ಲಕ್ಕಿಂತ ಮೊದಲು ಸೊನ್ನೆ ಎಲ್ಲಿ ಅಂತ ತೀರ್ಮಾನಿಸಬೇಕು. ಪ್ಲೇಟಿನ ಎಡ ಅಂಚು ಸೊನ್ನೆ ಅಂದ್ಕೊಳ್ರಿ. ಎಡ್ಜ್ ಫೈಂಡರ್ ಹಾಕಿ ಅಂಚಿಗೆ ಮುಟ್ಟಿಸ್ತೀರಿ. ಅದರ ತುದಿಯ ವ್ಯಾಸ 10 ಮಿಲಿಮೀಟರ್ ಇದ್ರೆ, ಮುಟ್ಟಿದಾಗ ಸ್ಪಿಂಡಲ್ಲಿನ ನಡುಬಿಂದು ಅಂಚಿಗಿಂತ 5 ಮಿಲಿಮೀಟರ್ ಆಚೆ ಇರ್ತದೆ. ಅಲ್ಲೇ ಸೊನ್ನೆ ಒತ್ತಿದರೆ ಎಲ್ಲ ತೂತೂ 5 ಮಿಲಿಮೀಟರ್ ಪಕ್ಕಕ್ಕೆ. ಅಲ್ಲಿ ಮೈನಸ್ 5 ಅಂತ ತುಂಬಬೇಕು. ಹೊಸಬರು ತಪ್ಪೋ ಮೊದಲನೇ ಜಾಗ ಇದು.

ಎರಡು ಅಂಚಿನ ಸರಿ ಮಧ್ಯ ಬೇಕಾದ್ರೆ ಇನ್ನೂ ಸುಲಭ. ಒಂದು ಬದಿ ಮುಟ್ಟಿಸಿ ಸೊನ್ನೆ ಮಾಡ್ರಿ. ಇನ್ನೊಂದು ಬದಿ ಮುಟ್ಟಿಸ್ರಿ. ಪರದೆ 124.60 ಅಂತು ಅಂದ್ಕೊಳ್ರಿ. ಅರ್ಧದ ಬಟನ್ ಒತ್ತಿದರೆ 62.30 ಆಗ್ತದೆ. ಸೊನ್ನೆ ಬರೋ ತನಕ ಮೇಜು ಸರಿಸ್ರಿ, ಅದೇ ಮಧ್ಯ. ಇಲ್ಲಿ ಎಡ್ಜ್ ಫೈಂಡರಿನ ವ್ಯಾಸ ಎರಡೂ ಕಡೆ ಸಮ ಆಗಿ ಹೊಡೆದು ಹೋಗ್ತದೆ.

ವೃತ್ತದ ಮೇಲೆ ತೂತು ಹೊಡೆಯೋದು ಇನ್ನೊಂದು ದೊಡ್ಡ ಅನುಕೂಲ. 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಆರು ತೂತು ಬೇಕು. ಮೊದಲನೇದು ಎಕ್ಸ್ 50, ವೈ 0. ಎರಡನೇದು ಎಕ್ಸ್ 25, ವೈ 43.301. ಇದನ್ನ ಕಾಕಾನ ಕಾಲದಲ್ಲಿ ಸೈನ್, ಕೊಸೈನ್ ಕೋಷ್ಟಕ ನೋಡಿ ಕಾಗದದ ಮೇಲೆ ಲೆಕ್ಕ ಹಾಕಬೇಕಿತ್ತು. ಈಗ ವ್ಯಾಸ, ತೂತಿನ ಸಂಖ್ಯೆ ಕೊಟ್ರೆ ಪರದೆಯೇ ಒಂದೊಂದಾಗಿ ಕರ್ಕೊಂಡು ಹೋಗ್ತದೆ. ಆದ್ರೂ ಒಂದು ಸಲ ನಿಮ್ಮ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಎರಡನೇ ತೂತಿನ ಲೆಕ್ಕ ಹಾಕಿ ನೋಡ್ರಿ. 50 ಗುಣಿಸು ಸೈನ್ 60. ಉತ್ತರ ತಾಳೆ ಆದ್ರೆ ಮಷೀನಿನ ಮೇಲೆ ಧೈರ್ಯ ಬರ್ತದೆ, ಶಾಲೆಯಲ್ಲಿ ಕಲಿತ ಲೆಕ್ಕದ ಮೇಲೂ ಪ್ರೀತಿ ಬರ್ತದೆ.

ಇನ್ನು ಕರೆಂಟ್. ಕರೆಂಟ್ ಹೋದಾಗ ಮೇಜು ಅಲುಗಿದರೆ ಸಾಮಾನ್ಯ ಸ್ಕೇಲಿಗೆ ಅದು ಗೊತ್ತಾಗಲ್ಲ. ಅದಕ್ಕೆ ಕರೆಂಟ್ ಹೋದ ಕೂಡಲೇ ಮೇಜಿನ ಲಾಕ್ ಬಿಗೀರಿ, ಹ್ಯಾಂಡಲ್ ಮುಟ್ಟಬ್ಯಾಡ್ರಿ. ಪ್ರತಿ ಮುಖ್ಯ ಅಂಕಿಯನ್ನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡ್ರಿ. ನಮ್ಮ ಶೆಡ್ಡಿನ ಗೋಡೆ ತುಂಬ ಅಂಕಿ ಇದ್ದಾವೆ.

ಪರದೆಗೆ ಗೊತ್ತಿಲ್ಲದ ಸಂಗತಿ

ಈಗ ಎಚ್ಚರಿಕೆಯ ಮಾತು. ಪರದೆ 5 ಮೈಕ್ರಾನ್ ತೋರಿಸ್ತದೆ ಅಂದ್ರೆ ನಿಮ್ಮ ಕೆಲಸ 5 ಮೈಕ್ರಾನ್ ನಿಖರ ಅಂತಲ್ಲ. ತೋರಿಸೋದೇ ಬೇರೆ, ಇರೋದೇ ಬೇರೆ. ಪರದೆಗೆ ಗೊತ್ತಿರೋದು ಮೇಜಿನ ಜಾಗ ಮಾತ್ರ. ಕಟರ್ ಬಾಗಿದ್ದು ಅದಕ್ಕೆ ಗೊತ್ತಿಲ್ಲ. ವೈಸ್ ಸಡಿಲಾಗಿ ಕೆಲಸದ ತುಂಡು ಜಾರಿದ್ದು ಗೊತ್ತಿಲ್ಲ. ಸ್ಪಿಂಡಲ್ ನೆಟ್ಟಗಿಲ್ಲ ಅನ್ನೋದು ಗೊತ್ತಿಲ್ಲ.

ಬ್ಯಾಕ್‌ಲ್ಯಾಶ್ ಕೂಡ ಹೋಗಿಲ್ಲ, ನೆನಪಿರಲಿ. ಡಿಆರ್‌ಓ ಅದನ್ನ ಲೆಕ್ಕದಿಂದ ತೆಗೀತದೆ, ಮಷೀನಿನಿಂದ ಅಲ್ಲ. ಕಟರ್ ತಿರುಗೋ ದಿಕ್ಕಿಗೇ ಮೇಜು ಹೋಗೋ ಹಾಗೆ ದಪ್ಪ ಕಟ್ ಕೊಟ್ರೆ, ಆ ಸಂದು ಇರೋಷ್ಟು ಕಟರ್ ಮೇಜನ್ನ ಸೆಳ್ಕೊಂಡು ಬಿಡ್ತದೆ. ಕಟರ್ ಮುರಿದು ಚೂರು ಹಾರಬಹುದು. ಕಣ್ಣಿಗೆ ಕನ್ನಡಕ ಇರಲಿ, ತಿರುಗೋ ಮಷೀನಿನ ಹತ್ತಿರ ಕೈಗವಸು ಬ್ಯಾಡ. ಬಳಸದ ದಿಕ್ಕಿನ ಲಾಕ್ ಯಾವಾಗಲೂ ಬಿಗಿದಿರಲಿ.

ಆಮೇಲೆ ನಮ್ಮ ಬಿಸಿಲು. ಅಳತೆಗೆ ಜಗತ್ತು ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ಡಿನಲ್ಲಿ 40 ದಾಟ್ತದೆ. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 300 ಮಿಲಿಮೀಟರಿನ ಉಕ್ಕಿನ ತುಂಡು 20 ಡಿಗ್ರಿ ಹೆಚ್ಚು ಕಾದರೆ ಸುಮಾರು 0.07 ಮಿಲಿಮೀಟರ್ ಉದ್ದ ಆಗ್ತದೆ. ಅಲ್ಯುಮಿನಿಯಂ ಇದರ ಎರಡು ಪಟ್ಟು. ಮಷೀನು, ತುಂಡು ಎರಡೂ ಕಬ್ಬಿಣ ಆಗಿ ಒಂದೇ ಸಮ ಕಾದಿದ್ರೆ ಹೆಚ್ಚೂಕಮ್ಮಿ ಜೊತೆಗೇ ಹಿಗ್ಗಿರ್ತವೆ, ತೊಂದರೆ ಕಡಿಮೆ. ಆದ್ರೆ ಈಗಷ್ಟೇ ಕಟ್ ಮಾಡಿದ ಬಿಸಿ ತುಂಡನ್ನ ಅಳೆದು "ಸರಿ ಇದೆ" ಅಂತ ಬಿಚ್ಚಿದರೆ, ಆರಿದ ಮೇಲೆ ಸಣ್ಣದಾಗಿರ್ತದೆ. ನಾನು ಸೂಕ್ಷ್ಮ ಕೆಲಸಕ್ಕೆ ಬೆಳಗಿನ ಜಾವ ಕೂರ್ತೀನಿ.

ಪರದೆಯನ್ನ ಪರೀಕ್ಷೆ ಮಾಡೋದೂ ಕಲೀರಿ. ಅಳತೆ ಗೊತ್ತಿರೋ ಗೇಜ್ ಬ್ಲಾಕ್ ಒಂದನ್ನ ಮೇಜಿನ ಮೇಲೆ ಕೂರಿಸಿ, ಡಯಲ್ ಗೇಜ್ ಮುಳ್ಳಿನಿಂದ ಎರಡು ಮುಖವನ್ನೂ ಮುಟ್ಟಿ, ಪರದೆ ಎಷ್ಟು ಹೇಳ್ತದೆ ನೋಡ್ರಿ. ಗೇಜ್ ಬ್ಲಾಕ್ ಇಲ್ಲಾಂದ್ರೆ ನಂಬಿಕೆಯ ಮೈಕ್ರೋಮೀಟರಿನಿಂದ ಅಳೆದ ತುಂಡು ಸಾಕು. ಇದನ್ನೆಲ್ಲ ಕ್ರಮವಾಗಿ ಕಲಿಯಬೇಕು ಅನ್ನೋರಿಗೆ ಕಲಬುರಗಿಯಲ್ಲಿ ಜಿಟಿಟಿಸಿ ಇದೆ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ.

ಹೈದರಾಬಾದ್ ಕಡೆ ಹೋಗೋ ರೈಲಿನಲ್ಲಿ ವಾಡಿ, ಚಿತ್ತಾಪುರ ದಾಟಿದ ಮೇಲೆ, ಸೇಡಂ ಬರೋಕೆ ಮುಂಚೆ ಮಳಖೇಡ ರೋಡ್ ಸ್ಟೇಷನ್ ಬರ್ತದೆ. ಮಳಖೇಡ ಅಂದ್ರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಅನ್ನೋ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರ ಮೊದಲ ಅಧ್ಯಾಯದಲ್ಲೇ ಅಳತೆಗಳ ಪಟ್ಟಿ ಇದೆ. ಅಣುವಿನಿಂದ ಶುರುಮಾಡಿ, ಎಂಟೆಂಟು ಪಟ್ಟು ದೊಡ್ಡದು ಮಾಡ್ತಾ, ದೂಳಿನ ಕಣ, ಕೂದಲು, ಜವೆ ಕಾಳು ಅಂತ ಅಂಗುಲದ ತನಕ ಬರ್ತಾನೆ. ಕೂಡೋದು, ಗುಣಿಸೋದು ಆಮೇಲೆ. ಯಾವುದರಿಂದ ಅಳೀತೀವಿ ಅನ್ನೋದು ಮೊದಲು. ನಮ್ಮ ಪಕ್ಕದೂರಿನ ಈ ಪಾಠ ನನಗೆ ಡಿಆರ್‌ಓ ಹಾಕಿದ ಮೇಲೆ ಅರ್ಥ ಆಯ್ತು.

ಕಾಕಾನ ಎಣಿಕೆ

ಡಿಆರ್‌ಓ ಬಂದ ದಿನ ಕಾಕಾ ಪರದೆ ಮುಂದೆ ನಿಂತ. ಕೆಂಪು ಅಂಕಿ, ಬೆರಳಿನಷ್ಟು ದೊಡ್ಡದು. "ಇದು ಕಾಣತದಲ್ಲೋ!" ಅಂದ. ಮರುದಿನದಿಂದ ಕುರ್ಚಿ ಬಾಗಿಲು ಬಿಟ್ಟು ಮಷೀನಿನ ಪಕ್ಕಕ್ಕೆ ಬಂತು. ಒಂದು ವಾರದಲ್ಲಿ ಅವನೇ ಹ್ಯಾಂಡಲ್ ಹಿಡಿದ. ಕಣ್ಣಿನಿಂದ ನಿಂತು ಹೋಗಿದ್ದ ಮೂವತ್ತು ವರ್ಷದ ಕೈ ಮತ್ತೆ ಕೆಲಸಕ್ಕೆ ಬಂತು. ನಿಮ್ಮೂರಲ್ಲೂ ಹಿಂಗೆ ಬಾಗಿಲಲ್ಲಿ ಕೂತಿರೋ ಟರ್ನರ್, ಫಿಟ್ಟರ್, ಮಿಲ್ಲರ್ ಇರ್ತಾರೆ. ಅವರನ್ನ ಕೆಲಸದಿಂದ ದೂರ ಇಟ್ಟಿದ್ದು ಬರೀ ಸಣ್ಣ ಗೆರೆ ಆಗಿರಬಹುದು.

ಆದ್ರೆ ಅವನ ಹಳೇ ಚಾಳಿ ಬಿಡಲಿಲ್ಲ. ಪರದೆ ನೋಡ್ತಾನೂ ಬಾಯೊಳಗೆ ಸುತ್ತು ಎಣಿಸ್ತಾನೆ. ನಾನು ನಗ್ತಿದ್ದೆ. ಮೂರು ತಿಂಗಳಾದ ಮೇಲೆ ಚಿಂಚೋಳಿ ಕಡೆಯ ಒಂದು ದಾಲ್ ಮಿಲ್ಲಿನ ಬೇರಿಂಗ್ ಮನೆ ಬಂತು. ತೊಗರಿ ಸೀಸನ್, ಮಿಲ್ ನಿಂತಿದೆ, ಬಂದವನು ಶೆಡ್ಡಿನಲ್ಲೇ ಕಾಯ್ತಾ ಕೂತಿದ್ದಾನೆ. ನಾನು ಹ್ಯಾಂಡಲ್ ತಿರುಗಿಸ್ತಾ ಇದ್ದೆ. ಇನ್ನೇನು ಡ್ರಿಲ್ ಇಳಿಸಬೇಕು, ಕಾಕಾ ಕೈ ಅಡ್ಡ ಹಾಕಿದ. "ಹನ್ನೊಂದ್ ಸುತ್ತ ಆಗ್ಯಾವ. 55 ಇರಬೇಕು. ಇದು 51 ಅಂತದ. ಯಾಕ?"

ಮೇಜು ಹಿಂದೆ ತಂದು ಮತ್ತೆ ನೋಡಿದೆ. ನಿಜ. ಒಂದು ಜಾಗದಲ್ಲಿ ಪರದೆ ಎಣಿಕೆ ಬಿಡ್ತಿತ್ತು. ಸ್ಕೇಲ್ ಬಿಚ್ಚಿದ್ರೆ ಮೇಲಕ್ಕೆ ಮುಖ ಮಾಡಿದ್ದ ಆ ತುಟಿಯಿಂದ ಕಲ್ಲಿನ ಪುಡಿ ಒಳಗೆ ಹೋಗಿ ಗಾಜಿನ ಮೇಲೆ ಕೂತಿತ್ತು. ಮೆತ್ತನೆ ಬಟ್ಟೆಯಿಂದ ಒರೆಸಿ, ಸ್ಕೇಲನ್ನ ತಲೆಕೆಳಗು ಮಾಡಿ ಮತ್ತೆ ಕೂರಿಸಿ, ಡಯಲ್ ಗೇಜ್ ಇಟ್ಟು, ಕವರ್ ಹಾಕೋ ಹೊತ್ತಿಗೆ ಕತ್ತಲಾಯ್ತು. ಬೇರಿಂಗ್ ಮನೆ ರಾತ್ರಿ ಮುಗೀತು. ಬೇರಿಂಗ್ ಕೈಯಲ್ಲೇ ಒತ್ತಿದರೆ ಹೋಗಿ ಕೂತ್ಕೊಂತು. ಅವನು ಅದನ್ನ ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಹೋದ.

ಅವತ್ತಿನಿಂದ ನಾನೂ ಸುತ್ತು ಎಣಿಸ್ತೀನಿ. ಗೆರೆ ತನಕ ಅಲ್ಲ, ಪೂರ್ತಿ ಸುತ್ತು ಮಾತ್ರ. ಪರದೆ ಮೈಕ್ರಾನ್ ನೋಡಿಕೊಳ್ಳಲಿ, 5 ಮಿಲಿಮೀಟರಿನ ದೊಡ್ಡ ತಪ್ಪನ್ನ ನಾನು ನೋಡಿಕೊಳ್ತೀನಿ. ಎರಡು ಎಣಿಕೆ ತಾಳೆ ಆಗದೇ ಇದ್ರೆ ಕಟರ್ ಇಳಿಸಲ್ಲ. ನಮ್ಮ ಶೆಡ್ಡಿನಲ್ಲಿ ಇದೊಂದೇ ಕಾನೂನು.

ಈಗಲೇ ದುಡ್ಡು ಖರ್ಚು ಮಾಡೋಕೆ ಆಗದವರು ಚಿಂತೆ ಮಾಡಬ್ಯಾಡ್ರಿ. ಮೊದಲು ಒಂದು ಡಯಲ್ ಗೇಜ್ ತಗೊಳ್ರಿ. ನಿಮ್ಮ ಮಷೀನಿನ ಬ್ಯಾಕ್‌ಲ್ಯಾಶ್ ಎಷ್ಟು ಅಂತ ಅಳೆದು ಗೋಡೆ ಮೇಲೆ ಬರೀರಿ. ಮೇಜಿನ ಸಡಿಲ ತೆಗೀರಿ. ಆಮೇಲೆ ಎಕ್ಸ್, ವೈ ಎರಡು ದಿಕ್ಕಿಗೆ ಸ್ಕೇಲ್ ಹಾಕ್ರಿ, ಝಡ್ ಕೊನೆಗೆ ನೋಡಿದ್ರಾಯ್ತು. ಮಷೀನ್ ಅಲುಗಾಡ್ತಿದ್ರೆ ಅದರ ಮೇಲೆ ಎಷ್ಟು ದೊಡ್ಡ ಪರದೆ ಹಾಕಿದರೂ ಅದು ಅಲುಗಾಟವನ್ನೇ ಅಂಕಿಯಲ್ಲಿ ತೋರಿಸ್ತದೆ.

ಮತ್ತೆ, ಕೆಲಸ ಮಾಡೋವಾಗ ಫೋನ್ ಸೈಲೆಂಟ್‌ನಲ್ಲಿ ಇಡ್ರಿ. ಈ ಪಾಡ್‌ಕಾಸ್ಟ್ ಕೂಡ ಮಷೀನ್ ಆಫ್ ಮಾಡಿದ ಮೇಲೇ ಕೇಳ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.